ಮರದ ಮಣಿಯ ಜಪಸರ: ಕೊಳ್ಳುವ ಮುನ್ನ ಎಣಿಸಿ ನೋಡಿ

ಕಥೋಲಿಕ ಕ್ರೈಸ್ತರು ಪ್ರಾರ್ಥನೆ ಎಣಿಸಲು ಬಳಸುವ ಜಪಸರದ ಕೆಲಸ ಒಂದೇ, ಲೆಕ್ಕವನ್ನು ಬೆರಳಿಗೆ ಬಿಟ್ಟು ಮನಸ್ಸನ್ನು ಧ್ಯಾನಕ್ಕೆ ಬಿಡುವುದು. ಚರ್ಚಿನ ಅಂಗಡಿಗಳಲ್ಲಿ ಸಿಗುವ, ನೈಲಾನ್ ದಾರದಲ್ಲಿ ಪೋಣಿಸಿದ ಸಾದಾ ಮರದ ಜಪಸರ ಇದನ್ನು ಚೆನ್ನಾಗಿಯೇ ಮಾಡುತ್ತದೆ.

ಒಟ್ಟು 59 ಮಣಿ ಇರಬೇಕು: ‘ನಮೋ ಮರಿಯಾ’ ಪ್ರಾರ್ಥನೆಗೆ 53, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ಗೆ 6. ಅಗ್ಗದ ಸರಗಳಲ್ಲಿ ಒಂದು ದಶಕಕ್ಕೆ, ಅಂದರೆ ಹತ್ತು ‘ನಮೋ ಮರಿಯಾ’ ಮಣಿಗಳ ಗುಂಪಿಗೆ, ಒಂಬತ್ತೋ ಹನ್ನೊಂದೋ ಮಣಿ ಬಿದ್ದಿರುವುದುಂಟು, ಅಂಗಡಿಯಲ್ಲೇ ಎಣಿಸಿ. ದಶಕಗಳ ನಡುವಿನ ದೊಡ್ಡ ಮಣಿಯ ಎರಡೂ ಕಡೆ ಅರ್ಧ ಬೆರಳಿನಷ್ಟು ಖಾಲಿ ದಾರ ಇರಲಿ. ಇಲ್ಲದಿದ್ದರೆ ದಶಕ ಮುಗಿದದ್ದು ಕಣ್ಮುಚ್ಚಿದಾಗ ಗೊತ್ತಾಗುವುದಿಲ್ಲ, ಮತ್ತೆ ಮತ್ತೆ ಕಣ್ಣು ಬಿಟ್ಟು ನೋಡಬೇಕಾಗುತ್ತದೆ. ಜಪ ಕೆಡುವುದೇ ಅಲ್ಲಿ. ವಯಸ್ಸಾದವರ ಕೈಗೆ 8 ಮಿ.ಮೀ. ಮಣಿ ಸರಿ; 6 ಮಿ.ಮೀ. ಜಾರುತ್ತದೆ.

ತಂತಿಯ ಸರ ನೋಡಲು ಚೆಂದ, ಆದರೆ ಜೇಬಿನಲ್ಲಿ ಸಿಕ್ಕಿ ಎಳೆದಾಗ ಕೊಂಡಿ ಬಾಯಿ ಬಿಡುತ್ತದೆ. ಇಕ್ಕಳದಿಂದ ಕೊಂಡಿಯನ್ನು ಪಕ್ಕಕ್ಕೆ ತಿರುಚಿ ಮುಚ್ಚಿ; ಅಗಲಿಸಿ ಒತ್ತಿದರೆ ಸಡಿಲವಾಗುತ್ತದೆ. ದಾರದ ಸರದಲ್ಲಿ ಬಿಚ್ಚುವುದು ಶಿಲುಬೆಯ ಬಳಿಯ ಗಂಟು. ಅದರ ತುದಿಯನ್ನು ಬೆಂಕಿಗೆ ಸ್ವಲ್ಪವೇ ತಾಗಿಸಿ ಕರಗಿಸಿದರೆ ಸಾಕು. ಗಾಢ ಬಣ್ಣದ ಮಣಿ ಬೆವರಿಗೆ ಬಣ್ಣ ಬಿಡಬಹುದು, ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಿ.

ಸರದ ಜೊತೆಗೆ ಕೊಡುವ, ಜಪದ ಕ್ರಮ ತಿಳಿಸುವ ಚೀಟಿಯನ್ನೂ ಓದಿ. ಹಳೆಯ ಮುದ್ರಣವಾದರೆ 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದ, ಗುರುವಾರದ ಬೆಳಕಿನ ರಹಸ್ಯಗಳು (ಜಪದ ವೇಳೆ ಧ್ಯಾನಿಸುವ, ಯೇಸುವಿನ ಜೀವನದ ಐದು ಘಟನೆಗಳು) ಅದರಲ್ಲಿ ಇರುವುದಿಲ್ಲ.