ಪ್ರಿಎಕ್ಲಾಂಪ್ಸಿಯಾ ಮತ್ತು ಇನ್ನೇಟ್ ಇಮ್ಯುನಿಟಿ ಆನ್‌ಲೈನ್ ಕೋರ್ಸ್: ಎನ್‌ಕೆ ಸೆಲ್ ಪಾಠ ಸೂಪರ್, ಉಳಿದಿದ್ದು ಹಾಗೋ ಹೀಗೋ

ನಾನು ಲೇಬರ್ ವಾರ್ಡ್ ನರ್ಸ್. 20 ವಾರ ದಾಟಿದ ಗರ್ಭಿಣಿಗೆ ಬಿಪಿ 140/90 ಮೇಲೆ ಹೋಯ್ತು, ಯೂರಿನ್‌ನಲ್ಲಿ ಪ್ರೋಟೀನ್ ಬಂತು, ಅಂದ್ರೆ ಪ್ರಿಎಕ್ಲಾಂಪ್ಸಿಯಾ ಆಯ್ತು ಅಂದ್ರೆ ಏನ್ ಮಾಡ್ಬೇಕು ಅಂತ ಗೊತ್ತು, ಆದ್ರೆ ಯಾಕೆ ಬರುತ್ತೆ ಅಂತ ಯಾರಾದ್ರೂ ಕೇಳಿದ್ರೆ "ಪ್ಲಾಸೆಂಟಾ ಪ್ರಾಬ್ಲಮ್ಮು" ಅಂದು ಮುಂದಿನ ಬೆಡ್‌ಗೆ ಹೋಗೋದೇ ಅಭ್ಯಾಸ. ಅದಕ್ಕೇ ಇದರಲ್ಲಿ ಇನ್ನೇಟ್ ಇಮ್ಯುನಿಟಿ (ಹುಟ್ಟಿನಿಂದಲೇ ಇರೋ ರೋಗನಿರೋಧಕ ಶಕ್ತಿ) ಪಾತ್ರ ಏನು ಅಂತ ಹೇಳೋ ಈ ರೆಕಾರ್ಡೆಡ್ ಕೋರ್ಸ್ ತಗೊಂಡಿದ್ದು.

ದುಡ್ಡು ವಸೂಲಾಗೋದು ಎನ್‌ಕೆ ಸೆಲ್ (ನ್ಯಾಚುರಲ್ ಕಿಲ್ಲರ್ ಅನ್ನೋ ಬಿಳಿ ರಕ್ತಕಣ) ಪಾಠದಲ್ಲಿ. ತಾಯಿಯ ಇಮ್ಯುನಿಟಿ ಮಗೂನ ಒಪ್ಪದೆ ಮೈಮೇಲೆ ಬೀಳುತ್ತೆ, ಅದೇ ಪ್ರಿಎಕ್ಲಾಂಪ್ಸಿಯಾ ಅಂತ ಬಹಳ ಜನ ಅಂದ್ಕೊಂಡಿದಾರೆ. ಶುರುವಿನಲ್ಲಿ ನಡೆಯೋದು ಹೆಚ್ಚುಕಮ್ಮಿ ಉಲ್ಟಾ. ಮೊದಲ ಮೂರು ತಿಂಗಳು ಗರ್ಭಕೋಶದ ಒಳಪದರದಲ್ಲಿರೋ ಬಿಳಿ ರಕ್ತಕಣಗಳಲ್ಲಿ ಸುಮಾರು 70% ಈ ಎನ್‌ಕೆ ಸೆಲ್‌ಗಳೇ, ಅವು ಅಲ್ಲಿ ಯಾರನ್ನೂ ಕೊಲ್ಲಲ್ಲ, ಪ್ಲಾಸೆಂಟಾಗೆ ರಕ್ತ ಬರೋ ದಾರಿ ರೆಡಿ ಮಾಡೋಕೆ ಸಹಾಯ ಮಾಡ್ತವೆ. ಇದಕ್ಕೊಂದು ಅನಿಮೇಷನ್ ಇದೆ ನೋಡಿ, ಸುರುಳಿ ಸುತ್ತಿದ ಸಣ್ಣ ರಕ್ತನಾಳ, ಗೋಡೆಯ ಸ್ನಾಯು ನಿಧಾನಕ್ಕೆ ಸಡಿಲ ಆಗುತ್ತೆ, ಪ್ಲಾಸೆಂಟಾ ಕಡೆಯಿಂದ ಟ್ರೋಫೋಬ್ಲಾಸ್ಟ್ ಅನ್ನೋ ಜೀವಕೋಶಗಳು ಬಂದು ಆ ಜಾಗದಲ್ಲಿ ಕೂತ್ಕೋತವೆ, ನಾಳದ ಬಾಯಿ ಅಗಲ ಆಗಿ ರಕ್ತ ಮೆಲ್ಲಗೆ ಹರಿಯುತ್ತೆ. ಪಕ್ಕದಲ್ಲೇ ಪ್ರಿಎಕ್ಲಾಂಪ್ಸಿಯಾದ್ದು: ಬಾಯಿ ಕಿರಿದಾಗೇ ಉಳಿದು ರಕ್ತ ಚಿಮ್ಮುತ್ತೆ. ನನಗೆ ಅಲ್ಲೇ ಎಲ್ಲಾ ಕ್ಲಿಯರ್ ಆಯ್ತು.

ತಾಯಿಗೆ ಕೆಐಆರ್ (ಎನ್‌ಕೆ ಸೆಲ್ ಮೇಲೆ ಸಿಗ್ನಲ್ ಹಿಡಿಯೋ ರಿಸೆಪ್ಟರ್) ಎಎ ಜೀನ್ ಗುಂಪು, ಮಗುವಿಗೆ ಎಚ್‌ಎಲ್‌ಎ-ಸಿ2 (ಜೀವಕೋಶದ ಮೇಲಿರೋ ಗುರುತಿನ ಪ್ರೋಟೀನ್‌ನ ಒಂದು ಬಗೆ) ಇದ್ರೆ ಎನ್‌ಕೆ ಸೆಲ್‌ಗೆ "ಸುಮ್ನಿರು" ಅನ್ನೋ ಸಿಗ್ನಲ್ ಜಾಸ್ತಿ ಹೋಗಿ ರಿಸ್ಕ್ ಏರುತ್ತೆ ಅನ್ನೋದನ್ನೂ ಬಣ್ಣದ ಟೇಬಲ್ ಹಾಕಿ ಚೆನ್ನಾಗಿ ಹೇಳಿದಾರೆ. ಅಂದ್ರೆ ಇಲ್ಲಿ ತೊಂದರೆ ಜಗಳ ಜಾಸ್ತಿ ಆಗಿ ಅಲ್ಲ, ಕೆಲಸ ಕಮ್ಮಿ ಆಗಿ.

ಜಗಳ ಆಮೇಲೆ. ರಕ್ತ ಸರಿಯಾಗಿ ಸಿಗದೆ ಸುಸ್ತಾದ ಪ್ಲಾಸೆಂಟಾ ತನ್ನ ಚೂರುಪಾರು, ಡಿಎನ್‌ಎ, ಎಸ್‌ಫ್ಲಿಟ್-1 (ರಕ್ತನಾಳಕ್ಕೆ ಬೇಕಾದ ಸಿಗ್ನಲ್ ತಡೆಯೋ ಪ್ರೋಟೀನ್) ಎಲ್ಲಾ ತಾಯಿ ರಕ್ತಕ್ಕೆ ಬಿಡುತ್ತೆ, ನ್ಯೂಟ್ರೋಫಿಲ್, ಮಾನೋಸೈಟ್ ಅನ್ನೋ ಬಿಳಿ ರಕ್ತಕಣಗಳು ಕೆರಳಿ ರಕ್ತನಾಳದ ಒಳಗೋಡೆ ಕೆಡುತ್ತೆ, ಬಿಪಿ ಏರುತ್ತೆ, ಕಿಡ್ನಿ ಸೋರುತ್ತೆ. ನಾರ್ಮಲ್ ಪ್ರೆಗ್ನೆನ್ಸಿಯಲ್ಲೂ ಈ ಉರಿಯೂತ ಸ್ವಲ್ಪ ಇದ್ದೇ ಇರುತ್ತೆ, ಇಲ್ಲಿ ಮಿತಿ ಮೀರುತ್ತೆ ಅಷ್ಟೆ, ಈ ಮಾತು ಇನ್ನೂ ಒತ್ತಿ ಹೇಳ್ಬೇಕಿತ್ತು.

ಬೇಜಾರಾಗಿದ್ದು ಕಾಂಪ್ಲಿಮೆಂಟ್ (ರಕ್ತದಲ್ಲಿರೋ ರೋಗನಿರೋಧಕ ಪ್ರೋಟೀನ್‌ಗಳ ಗುಂಪು) ಪಾಠ. ಸಿ5ಎ, ಸಿ5ಬಿ-9 ಅಂತ ಬಾಣ ಗುರುತು ಹಾಕಿ ಓಡಿಸಿಬಿಟ್ರು, ಹೆಲ್ಪ್ (HELLP) ಸಿಂಡ್ರೋಮ್, ಅಂದ್ರೆ ಕೆಂಪು ರಕ್ತಕಣ ಒಡೆದು, ಲಿವರ್‌ಗೆ ಪೆಟ್ಟಾಗಿ, ಪ್ಲೇಟ್‌ಲೆಟ್ ಇಳಿಯೋ ತೀವ್ರ ಸ್ಥಿತಿಗೂ ಇದಕ್ಕೂ ಏನ್ ಸಂಬಂಧ ಅಂತ ಒಂದೇ ಸಾಲು. ಆಸ್ಪಿರಿನ್ ಬಗ್ಗೆ ಬರೀ ಒಂದು ಸ್ಲೈಡ್! 2017ರ ಆಸ್ಪ್ರೆ ಟ್ರಯಲ್‌ನಲ್ಲಿ ಹೈ ರಿಸ್ಕ್ ಇರೋರಿಗೆ 11ರಿಂದ 14 ವಾರದೊಳಗೆ ಶುರು ಮಾಡಿ ರಾತ್ರಿ 150 ಮಿ.ಗ್ರಾಂ ಕೊಟ್ಟಾಗ, 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸ್ಬೇಕಾಗೋ ಪ್ರಿಎಕ್ಲಾಂಪ್ಸಿಯಾ 4.3% ಇದ್ದಿದ್ದು 1.6%ಗೆ ಇಳೀತು, ವಾರ್ಡ್‌ನಲ್ಲಿ ಕೆಲಸಕ್ಕೆ ಬರೋ ವಿಷಯ ಇದು, ಇದನ್ನೇ ಬಿಟ್ರೆ ಹೇಗೆ ಸ್ವಾಮಿ? ಕ್ವಿಜ್ ಅಂತೂ ಬರೀ ಫುಲ್ ಫಾರ್ಮ್ ಕೇಳೋದು, ಸ್ಕಿಪ್ ಮಾಡಿ.

ನರ್ಸಿಂಗ್, ಮೆಡಿಕಲ್ ಸ್ಟೂಡೆಂಟ್ಸ್ ಆರಾಮಾಗಿ ತಗೋಬಹುದು. ಗರ್ಭಿಣಿಯರು ಭಯ ಬಿದ್ದು ಇದನ್ನ ನೋಡ್ತಾ ಕೂರ್ಬೇಡಿ, ಜೋರು ತಲೆನೋವು, ಕಣ್ಣು ಮಂಜು, ಮೇಲ್ಹೊಟ್ಟೆ ನೋವು ಇದ್ರೆ ಸೀದಾ ಆಸ್ಪತ್ರೆಗೆ ಹೋಗಿ. ನನ್ನ ಕಡೆಯಿಂದ ಮೂರೂವರೆ ಸ್ಟಾರ್, ಕಾಂಪ್ಲಿಮೆಂಟ್ ಪಾಠ ಮತ್ತೆ ಮಾಡಿದ್ರೆ ನಾಲ್ಕು.