ಅಮೆರಿಕದ ಗೂಢಚಾರ್ರು ಬರ್ದಿರೋ ಹವಾಮಾನದ ರಿಪೋರ್ಟು: ಮಾಲು ಚೆನ್ನಾಗೈತೆ, ಸರ್ವಿಸ್ ನಿಂತೋಗೈತೆ

ಐದಕ್ಕೆ ಮೂರೂವರೆ ಸ್ಟಾರ್. ರೇಟು ಏನಿಲ್ಲ, ಪಿಡಿಎಫ್ ಫ್ರೀ. ಅಮೆರಿಕದ ನ್ಯಾಷನಲ್ ಇಂಟೆಲಿಜೆನ್ಸ್ ಡೈರೆಕ್ಟರ್ ಆಫೀಸಿನವರು 2021ರ ಅಕ್ಟೋಬರ್‌ನಲ್ಲಿ ಬಿಟ್ಟ ನ್ಯಾಷನಲ್ ಇಂಟೆಲಿಜೆನ್ಸ್ ಎಸ್ಟಿಮೇಟ್ ಇದು, ಹವಾಮಾನ ಬದಲಾವಣೆಯಿಂದ 2040ರ ತನಕ ಅವರ ದೇಶದ ಭದ್ರತೆಗೆ ಏನೇನು ತಲೆನೋವು ಬರಬಹುದು ಅಂತ ಸಿಐಎ ಸೇರಿ ಅಲ್ಲಿನ ಗುಪ್ತಚರ ಸಂಸ್ಥೆಗಳೆಲ್ಲ ಕೂತು ಬರ್ದಿರೋದು. ಮೂವತ್ತು ಪುಟದ ಆಸುಪಾಸು ಅಷ್ಟೇ. ಮೊಬೈಲ್‌ನಲ್ಲಿ ಓದೋಕೆ ಹೋಗ್ಬೇಡ್ರಿ, ಮ್ಯಾಪು ಚಾರ್ಟು ಜಾಸ್ತಿ ಅದಾವೆ, ವಿದ್ಯಾನಗರದ ಕಡೆ ಯಾವುದಾದ್ರೂ ಜೆರಾಕ್ಸ್ ಅಂಗಡೀಲಿ ಕಲರ್ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸ್ಕೊಳ್ರಿ. ಬ್ಲಾಕ್ ಅಂಡ್ ವೈಟ್‌ನಲ್ಲಿ ಮ್ಯಾಪೆಲ್ಲ ಮಸಿ ಬಳ್ದಂಗೆ ಬರುತ್ತೆ.

ಇದನ್ನ ಯಾಕೆ ಓದ್ಬೇಕು ಅಂದ್ರೆ, ನಮ್ಮ ರಾ ಆಗ್ಲಿ ಐಬಿ ಆಗ್ಲಿ ಇಂಥದ್ದನ್ನ ಜನರ ಕೈಗೆ ಕೊಡಲ್ಲ, ಮಾಹಿತಿ ಹಕ್ಕು ಕಾಯ್ದೇಲೇ ಅವೆರಡನ್ನೂ ಹೊರಗಿಟ್ಟಾರೆ. ಹಂಗಾಗಿ ಬೇಹುಗಾರಿಕೆ ಸಂಸ್ಥೆಯೊಂದು ಮಳೆ, ಬರ, ನದಿ ಇವನ್ನೆಲ್ಲ ಹೆಂಗೆ ನೋಡುತ್ತೆ ಅಂತ ತಿಳ್ಕೋಬೇಕಂದ್ರೆ ಪಕ್ಕದ ಮನೆ ಕಿಟಕೀಲೇ ಇಣುಕಬೇಕು. ಅದ್ರಾಗೆ ನಮ್ಮ ಮನೇನೂ ಕಾಣುತ್ತೆ. ಹವಾಮಾನದ ಹೊಡೆತದಿಂದ ತುಂಬಾ ಚಿಂತೆ ಪಡಬೇಕಾದ 11 ದೇಶ ಅಂತ ಒಂದು ಪಟ್ಟಿ ಮಾಡ್ಯಾರೆ, ಅಫ್ಘಾನಿಸ್ತಾನ, ಮ್ಯಾನ್ಮಾರ್, ಪಾಕಿಸ್ತಾನ, ಉತ್ತರ ಕೊರಿಯಾ, ಇರಾಕ್, ಹೈಟಿ, ಕೊಲಂಬಿಯಾ, ಗ್ವಾಟೆಮಾಲಾ, ಹೊಂಡುರಾಸ್, ನಿಕರಾಗುವಾ, ಅವುಗಳ ಮಧ್ಯೆ ಇಂಡಿಯಾ. ಟೀ ಅಂಗಡೀಲಿ ಈ ಪುಟ ತೋರ್ಸಿದ್ರೆ ಫ್ರೆಂಡ್ಸ್‌ಗೆ ಸಿಟ್ಟು, ನಮ್ಮನ್ನ ಹೈಟಿ ಸಾಲಿನಾಗೆ ಕೂರ್ಸ್ಯಾರಲ್ಲ ಅಂತ. ಸಿಟ್ಟು ಆಮೇಲೆ ಮಾಡ್ಕೊಳ್ರಿ, ಮುಂದೆ ಓದ್ರಿ ಅಂದೆ. ಯಾಕಂದ್ರೆ ಇನ್ನೊಂದು ಕಡೆ ಅದೇ ರಿಪೋರ್ಟು ಭೂಮಿ ಎಷ್ಟು ಬಿಸಿ ಆಗುತ್ತೆ ಅನ್ನೋದನ್ನ ತೀರ್ಮಾನ ಮಾಡೋದ್ರಲ್ಲಿ ಚೀನಾ, ಇಂಡಿಯಾ ಪಾತ್ರ ದೊಡ್ಡದು ಅಂತಾನೂ ಹೇಳುತ್ತೆ. ಅಂದ್ರೆ ಪೆಟ್ಟು ತಿನ್ನೋರ ಪಟ್ಟೀಲೂ ನಾವೇ, ಲೆಕ್ಕ ಕೊಡಬೇಕಾದೋರ ಪಟ್ಟೀಲೂ ನಾವೇ.

ನನಗೆ ಹಿಡಿಸಿದ್ದು ಬರೆಯೋ ಶಿಸ್ತು. ಅವರ ಕಡೆ ರೂಲ್ ಐತೆ, ಆಗಬಹುದು ಅಂತ ಬರ್ದ್ರೆ ಅದಕ್ಕೊಂದು ಲೆಕ್ಕ ಇರುತ್ತೆ, ಲೈಕ್ಲಿ ಅಂದ್ರೆ 55ರಿಂದ 80 ಪರ್ಸೆಂಟ್ ನಡುವೆ, ವೆರಿ ಲೈಕ್ಲಿ ಅಂದ್ರೆ 80ರಿಂದ 95. ಅದ್ರ ಮೇಲೆ ಈ ಮಾತಿಗೆ ನಮ್ಮ ಹತ್ರ ಇರೋ ಆಧಾರ ಎಷ್ಟು ಗಟ್ಟಿ ಅಂತ ಬೇರೆ ಹೇಳ್ತಾರೆ, ಹೈ ಕಾನ್ಫಿಡೆನ್ಸ್, ಮಾಡರೇಟ್, ಲೋ. ನಮ್ಮ ಟಿವಿ ಚಾನೆಲ್‌ನೋರಿಗೆ ಇದೊಂದು ರೂಲ್ ಹಾಕಿದ್ರೆ ಅರ್ಧ ಪ್ರೋಗ್ರಾಮ್ ಬಂದ್ ಆಗ್ತಾವೆ ಬಿಡ್ರಿ. ವಿಜ್ಞಾನದ ಭಾಗ ಅವರೇ ಹುಟ್ಟಿಸಿದ್ದಲ್ಲ, ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನದ ಸಮಿತಿ ಐಪಿಸಿಸಿ ಮತ್ತೆ ಅಮೆರಿಕದ ಸರ್ಕಾರಿ ವಿಜ್ಞಾನ ಸಂಸ್ಥೆಗಳಿಂದ ತಗೊಂಡಿರೋದು, ಇವರ ಕೆಲಸ ಅದ್ರಿಂದ ಯಾರ್ಯಾರು ಜಗಳಕ್ಕೆ ಬೀಳ್ತಾರೆ ಅಂತ ನೋಡೋದು.

ಆ ಜಗಳದ ಭಾಗದಾಗೆ ಸಿಂಧೂ ನದಿ ವಿಷಯ ಎರಡು ಸಲ ಓದ್ರಿ. ಪಾಕಿಸ್ತಾನದ ನೀರಾವರಿ ಇಂಡಿಯಾ ಕಡೆಯಿಂದ ಹರಿದು ಬರೋ ಹಿಮದ ನದಿಗಳ ಮೇಲೆ ನಿಂತೈತೆ, ಪ್ರವಾಹದ ಮುನ್ಸೂಚನೆ ಕೊಟ್ಟು ಊರು ಖಾಲಿ ಮಾಡಿಸೋಕೂ ನೀರು ಎಷ್ಟು ಬಿಟ್ಟಾರೆ ಅನ್ನೋ ಡೇಟಾ ಇಂಡಿಯಾದಿಂದ್ಲೇ ಹೋಗಬೇಕು ಅಂತ 2021ರಲ್ಲೇ ಬರ್ದಾರೆ. ಆಮೇಲೆ 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆಯ್ತು, ಇಂಡಿಯಾ 1960ರ ಸಿಂಧೂ ಒಪ್ಪಂದಾನ ಅಮಾನತಿನಲ್ಲಿ ಇಟ್ತು, ಅದೇ ವರ್ಷ ಆಗಸ್ಟ್‌ನಲ್ಲಿ ಜಮ್ಮು ಕಡೆ ಮಳೆ ಜಾಸ್ತಿಯಾಗಿ ತವಿ ನದಿ ಉಕ್ಕಿದಾಗ ಪ್ರವಾಹದ ಎಚ್ಚರಿಕೆ ಹೋಗಿದ್ದು ಒಪ್ಪಂದದ ದಾರೀಲಿ ಅಲ್ಲ, ಇಸ್ಲಾಮಾಬಾದ್‌ನಲ್ಲಿರೋ ನಮ್ಮ ಹೈಕಮಿಷನ್ ಮೂಲಕ, ಮಾನವೀಯತೆ ಲೆಕ್ಕದಾಗೆ. ಒಪ್ಪಂದ ನಿಂತಿದ್ದು ಭಯೋತ್ಪಾದನೆಯಿಂದ, ಹವಾಮಾನದಿಂದ ಅಲ್ಲ. ಆದ್ರೆ ಒಪ್ಪಂದ ನಿಂತ ಮೇಲೆ ಮಳೆ ಬಂದ್ರೆ ಏನು ಗತಿ ಅನ್ನೋ ಪ್ರಶ್ನೆ ಈ ರಿಪೋರ್ಟ್‌ನಾಗೆ ನಾಲ್ಕು ವರ್ಷ ಮೊದಲೇ ಕೂತಿತ್ತು. ಈ ಒಂದು ಪ್ಯಾರಾಕ್ಕೇ ಪ್ರಿಂಟ್ ದುಡ್ಡು ವಸೂಲಾಯ್ತು.

ಇನ್ನು ಕಡಿಮೆ ಎಲ್ಲಿ ಆಗೈತೆ ಅಂದ್ರೆ, ಅವರ ಕಣ್ಣಿಗೆ ಬೀಳೋದು ದೇಶ, ಗಡಿ, ವಲಸೆ ಇಷ್ಟೇ. ದೇಶದ ಒಳಗಿನ ಜಗಳ ಪೂರ್ತಿ ಬಿಟ್ಟಾರೆ ಅಂತಲ್ಲ, ಮೇಲ್ಮೇಲೆ ಒಂದು ಸಾಲು ಹೇಳಿ ಮುಂದೆ ಹೋಗ್ತಾರೆ. ನಮ್ಮ ಕಡೇನೇ ನೋಡ್ರಿ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು, ಅದಕ್ಕೆ ಮುಂಚೆ ಬಿದ್ದಿದ್ದು 1933ರಲ್ಲಿ, ಜನ ಜಾತ್ರೆಗೆ ಹೋದಂಗೆ ಮಾರಿಕಣಿವೆಗೆ ಹೋಗಿ ನೋಡ್ಕೊಂಡು ಬಂದ್ರು. ಮುಂದಿನ ವರ್ಷವೇ ರಾಜ್ಯದ 236 ತಾಲ್ಲೂಕಲ್ಲಿ 223 ಬರ ಪಟ್ಟೀಲಿ. ಭದ್ರಾ ಡ್ಯಾಮ್ ತುಂಬಲಿಲ್ಲ, ನಾಲೆ ನೀರು ನಿಲ್ಸಿ ಬಿಟ್ಟು ನಿಲ್ಸಿ ಬಿಟ್ಟು ಮಾಡ್ತೀವಿ ಅಂದಾಗ ದಾವಣಗೆರೆ ರೈತರು ರಸ್ತೆಗೆ ಬಂದ್ರು, ಶಿವಮೊಗ್ಗದ ಕಡೆಯೋರು ತೋಟ ಒಣಗುತ್ತೆ ಅಂತ, ನಮ್ಮೋರು ನಾಟಿ ಮಾಡಿರೋ ಭತ್ತ ಹೋಗುತ್ತೆ ಅಂತ, ನಾಲೆಗೆ ಹಾಕಿರೋ ಅಕ್ರಮ ಪಂಪ್‌ಸೆಟ್ ಕೀಳಿಸೋಕೆ ಹೋಗೋ ಇಂಜಿನಿಯರ್ ಜೊತೆ ಪೊಲೀಸ್ ಬೇಕು. ಹರಿಹರದ ಕೊನೆ ಭಾಗದ ಅಚ್ಚುಕಟ್ಟಿನ ರೈತನಿಗೆ ಶತ್ರು ದೇಶ ಯಾವುದೂ ಇಲ್ಲ, ಮೇಲಿನ ಊರಿನ ಪಂಪ್‌ಸೆಟ್ಟೇ. ಇದೂ ಭದ್ರತೆ ವಿಷಯ ಅಲ್ವಾ? ಎಸ್‌ಪಿ ಆಫೀಸಿಗೆ ಬರೋ ಭದ್ರತೆ ಇದು, ವಾಷಿಂಗ್ಟನ್‌ಗೆ ಕಾಣೋದಲ್ಲ. ಅವರದ್ದೂ ತಪ್ಪಲ್ಲ ಬಿಡ್ರಿ, ರಿಪೋರ್ಟ್ ಬರ್ದಿರೋದು ಅವರ ಅಧ್ಯಕ್ಷರಿಗೆ, ನನಗಲ್ಲ.

ಸೈನ್ಯದ ಮೇಲೆ ನೇರ ಬೀಳೋ ಹೊಡೆತಾನೂ ಸಣ್ಣದಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲೊನಾಕ್ ಹಿಮಸರೋವರ ಒಡೆದು ತೀಸ್ತಾ-3 ಡ್ಯಾಮನ್ನೇ ಕೊಚ್ಕೊಂಡು ಹೋಯ್ತು, ನಮ್ಮ ಸೈನಿಕರೂ ಹೋದ್ರು, ಚೀನಾ ಗಡಿ ಕಡೆ ಹೋಗೋ ಸೇತುವೆಗಳೂ ಹೋದ್ವು. ಗುಂಡು ಹಾರಿಸೋರು ಯಾರೂ ಇರ್ಲಿಲ್ಲ.

ಈಗ ಸರ್ವಿಸ್ ವಿಷಯ, ಒಂದೂವರೆ ಸ್ಟಾರ್ ಕಟ್ ಮಾಡಿರೋದ್ರಲ್ಲಿ ಒಂದು ಇದಕ್ಕೇನೇ. ಈ ಅಂಗಡಿ ಹೊಸದೇನಲ್ಲ. 1974ರಲ್ಲೇ ಸಿಐಎನೋರು ಹವಾಮಾನದ ಮೇಲೆ ಒಂದು ಅಧ್ಯಯನ ಬರ್ದಿದ್ರು, ಆಗ ಅವರ ಹೆದರಿಕೆ ಭೂಮಿ ತಣ್ಣಗಾಗಿ ಬೆಳೆ ಹೋಗುತ್ತೆ ಅನ್ನೋದು! 1990ರ ದಶಕದಾಗೆ ಮೆಡಿಯಾ (MEDEA) ಅಂತ ಒಂದು ಯೋಜನೆ ಮಾಡಿ ವಿಜ್ಞಾನಿಗಳಿಗೆ ಬೇಹುಗಾರಿಕೆ ಉಪಗ್ರಹದ ಫೋಟೋ ನೋಡೋಕೆ ಬಿಟ್ರು, 1995ರಲ್ಲಿ ಕರೋನಾ ಅನ್ನೋ ಉಪಗ್ರಹಗಳ (ರೋಗ ಅಲ್ಲ) 8 ಲಕ್ಷಕ್ಕೂ ಮೇಲೆ ಹಳೇ ಫೋಟೋ ಸಾರ್ವಜನಿಕರಿಗೆ ಬಿಡೋಕೆ ಆರ್ಡರ್ ಆಯ್ತು. ಶೀತಲ ಸಮರದಾಗೆ ಕದ್ದು ತೆಗೆದ ಇಂಥವೇ ಬೇರೆ ಉಪಗ್ರಹದ ಫೋಟೋ ಇಟ್ಕೊಂಡು 2019ರಲ್ಲಿ ವಿಜ್ಞಾನಿಗಳು ಹಿಮಾಲಯದ 650 ಹಿಮನದಿ ಅಳೆದು, 2000ದ ಮೇಲೆ ಕರಗೋ ವೇಗ ಡಬಲ್ ಆಗೈತೆ ಅಂತ ತೋರ್ಸಿದ್ರು. ಇಡೀ ಕಥೇಲಿ ನಮಗೆ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಇದೇ, ಅಭಿಪ್ರಾಯ ಅಲ್ಲ, ಫೋಟೋ.

ಆದ್ರೆ ಆಗಾಗ ಬಾಗಿಲು ಹಾಕ್ತಾರೆ. 2009ರಲ್ಲಿ ಸಿಐಎ ಹವಾಮಾನಕ್ಕೇ ಅಂತ ಸೆಂಟರ್ ತೆಗೀತು, 2012ಕ್ಕೆ ಮುಚ್ತು. 2019ರಲ್ಲಿ ರಾಡ್ ಸ್ಕೂನೋವರ್ ಅಂತ ವಿದೇಶಾಂಗ ಇಲಾಖೆ ಗುಪ್ತಚರ ವಿಭಾಗದ ವಿಶ್ಲೇಷಕ ಸಂಸತ್ತಿನ ಸಮಿತಿಗೆ ಬರ್ದುಕೊಟ್ಟ ಹೇಳಿಕೇನ ಶ್ವೇತಭವನ ತಡೀತು, ಆಮೇಲೆ ಅವರು ಕೆಲ್ಸ ಬಿಟ್ರು. 2021ರಲ್ಲಿ ಬೈಡನ್ ಕೇಳಿದ್ರು ಅಂತ ಈ ರಿಪೋರ್ಟ್ ಬಂತು, 2025ರ ಮಾರ್ಚ್‌ನಲ್ಲಿ ಇಂಟೆಲಿಜೆನ್ಸ್ ಡೈರೆಕ್ಟರ್ ಆಫೀಸಿನಿಂದ ಬಂದ ವಾರ್ಷಿಕ ಬೆದರಿಕೆ ವರದೀಲಿ ಹವಾಮಾನ ಬದಲಾವಣೆ ಅನ್ನೋ ಮಾತೇ ಇಲ್ಲ. ಸೆನೆಟರ್ ಆಂಗಸ್ ಕಿಂಗ್ ಅದನ್ನೇ ಕೇಳಿದ್ರು, ಆಗ ಆ ಡೈರೆಕ್ಟರ್ ಆಗಿದ್ದ ತುಲಸಿ ಗಬಾರ್ಡ್ ಅವರು ತೀರಾ ನೇರವಾದ ಬೆದರಿಕೆಗಳ ಮೇಲೆ ಗಮನ ಅಂತ ಜಾರಿಸಿದ್ರು. ಆಸ್ಟ್ರೇಲಿಯಾದೋರು ಇನ್ನೂ ಒಂದು ಹೆಜ್ಜೆ ಮುಂದೆ, 2022ರಲ್ಲಿ ತಮ್ಮ ಗುಪ್ತಚರ ಕಚೇರಿಯಿಂದ ಇಂಥದ್ದೇ ವರದಿ ಮಾಡಿಸಿ ಜನಕ್ಕೆ ತೋರಿಸದೇ ಒಳಗಿಟ್ಕೊಂಡ್ರು. ಅದಕ್ಕೆ ಹೋಲಿಸಿದ್ರೆ ಇವರು ಎಷ್ಟೋ ವಾಸಿ.

ಕೆಎಎಸ್, ಯುಪಿಎಸ್‌ಸಿಗೆ ಓದೋ ಹುಡುಗ್ರು ತಗೊಳ್ರಿ, ಆಂತರಿಕ ಭದ್ರತೆ ಪೇಪರ್‌ಗೆ ಉದಾಹರಣೆ ಸಿಗ್ತಾವೆ, ಆದ್ರೆ 11 ದೇಶದ ಪಟ್ಟಿ ಬಾಯಿಪಾಠ ಮಾಡಿ ನಿಲ್ಲಿಸಬೇಡ್ರಿ, ಮೊದಲ ಪುಟಗಳಲ್ಲಿರೋ ಮೂರು ಮುಖ್ಯ ತೀರ್ಮಾನ ಓದಿ ಸೀದಾ ನೀರಿನ ಭಾಗಕ್ಕೆ ಹೋಗ್ರಿ. ಆರ್ಕ್ಟಿಕ್ ಭಾಗ ಬೋರು, ಬಿಟ್ರೂ ನಡೆಯುತ್ತೆ. ಇಂಗ್ಲಿಷ್ ಕಷ್ಟ ಏನಿಲ್ಲ. ಹೊಸ ಎಡಿಷನ್ ಬರುತ್ತೆ ಅಂತ ಕಾಯಬೇಡ್ರಿ, ಇರೋದನ್ನೇ ಇವತ್ತೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕ್ಕೊಳ್ರಿ.