ಕಿಡ್ನಿ ಕಸಿಗೆ ಮುಂಚಿನ ಕಮಿಟಿ ವಿಚಾರಣೆ: ರಾಣೆಬೆನ್ನೂರಿನಿಂದ ಹೋದವಳ ಅನುಭವ

ನಮ್ಮ ಯಜಮಾನರಿಗೆ ಕಿಡ್ನಿ ಕೊಟ್ಟವಳು ನಾನು. ಆಪರೇಷನ್ ಚೆನ್ನಾಗಿಯೇ ಆಯಿತು. ನಾನು ಹೇಳಬೇಕಾದ್ದು ಅದಕ್ಕೂ ಮುಂಚಿನ ವಿಚಾರಣೆ ಬಗ್ಗೆ. ದಾನಿ ನಿಜವಾಗಿ ಸಂಬಂಧಿಯೇ, ಸ್ವಂತ ಮನಸ್ಸಿನಿಂದ ಕೊಡುತ್ತಿದ್ದಾರಾ ಅಂತ ನೋಡುವ ಕಮಿಟಿಯ ವಿಚಾರಣೆ ಅದು.

ಕಾಗದಪತ್ರಕ್ಕೆ ಬೆಂಗಳೂರಿನ ಆ ಆಸ್ಪತ್ರೆಯವರು ತುಂಬಾ ಅಲೆಸಿದರು. ಆಧಾರ್‌ನಲ್ಲಿ ನನ್ನ ಹೆಸರಿನ ಕೊನೆಗೆ ‘ಅವ್ವ’ ಇದೆ, ರೇಷನ್ ಕಾರ್ಡಿನಲ್ಲಿ ಇಲ್ಲ. ಅದಕ್ಕೊಂದು ಅಫಿಡವಿಟ್. ಆಮೇಲೆ ಮದುವೆ ಸರ್ಟಿಫಿಕೇಟ್, ಅದಾದ ಮೇಲೆ ಮದುವೆ ಫೋಟೊ. ಪಟ್ಟಿ ಒಂದೇ ಸಲ ಕೊಟ್ಟಿದ್ದರೆ ಮೂರು ಸಲ ರೈಲು ಹತ್ತುವುದು ತಪ್ಪುತ್ತಿತ್ತು.

ವಿಚಾರಣೆಯ ದಿನ ಯಜಮಾನರನ್ನು ಹೊರಗೆ ಕೂರಿಸಿದರು. ದಾನಿ ಹೆಂಗಸಾದರೆ, ರೋಗಿಯನ್ನು ಬಿಟ್ಟು ಬೇರೆಯವರಿಂದ ಅವಳ ಒಪ್ಪಿಗೆ ಖಚಿತಪಡಿಸಿಕೊಳ್ಳಬೇಕೆಂದು 2014ರ ನಿಯಮವೇ ಇದೆಯಂತೆ. ವಯಸ್ಸಾದ ಡಾಕ್ಟರಮ್ಮ ಆಲ್ಬಮ್ಮಿನ ಹಾಳೆ ತಿರುವುತ್ತಾ, ಅಕ್ಕಿಕಾಳಿನ ಫೋಟೊ ಮೇಲೆ ಬೆರಳಿಟ್ಟು “ಇವರ್ಯಾರು?” ಅಂದರು. ನಾದಿನಿ ಅಂದೆ. ಆಲ್ಬಮ್ ಮುಚ್ಚಿ, “ಮನಸ್ಸಿಲ್ಲ ಅಂದ್ರೆ ಈಗ್ಲೇ ಹೇಳಮ್ಮ. ಟೆಸ್ಟ್ ಹೊಂದಲಿಲ್ಲ ಅಂತ ಹೊರಗೆ ನಾವೇ ಹೇಳ್ತೀವಿ” ಅಂದರು.

ಮನೆಯಲ್ಲಿ ಹೀಗೆ ಯಾರೂ ಕೇಳಿರಲಿಲ್ಲ. ಕೊಡ್ತೀನಿ ಅಂದೆ. ಮೊದಲೂ ಅಂದಿದ್ದೆ, ಆದರೆ ಬೇಡ ಅನ್ನಲು ದಾರಿ ಇದ್ದಾಗ ಅಂದದ್ದು ಅದೇ ಮೊದಲು.

ಡಯಾಲಿಸಿಸ್ ವಾರ್ಡಿನ ಹೊರಗೆ ಒಬ್ಬ, “ಅಕ್ಕಾ, ನೀವ್ಯಾಕೆ ಕೊಡ್ತೀರಿ, ಹೊರದೇಶದಲ್ಲಿ ದುಡ್ಡಿಗೆ ಸಿಗುತ್ತೆ” ಅಂದಿದ್ದ. ಕಿಡ್ನಿಗಾಗಿ ಜನರನ್ನು ಇರಾನಿಗೆ ಸಾಗಿಸುತ್ತಿದ್ದ ಆರೋಪದ ಮೇಲೆ 2024ರ ಮೇನಲ್ಲಿ ಕೊಚ್ಚಿ ವಿಮಾನ ನಿಲ್ದಾಣದಲ್ಲಿ ಒಬ್ಬನನ್ನು ಹಿಡಿದದ್ದು, ಮುಂದೆ ಎನ್‌ಐಎ ತನಿಖೆಗೆ ತೆಗೆದುಕೊಂಡದ್ದು ಓದಿದಾಗ ಅವನೇ ನೆನಪಾದ. ನೇಪಾಳದ ಹೊಕ್ಸೆ ಎಂಬ ಊರಿನ ಬಡವರನ್ನು ನಮ್ಮ ದೇಶಕ್ಕೇ ಕರೆತಂದು ಕಿಡ್ನಿ ತೆಗೆಸಿದ್ದರು. ಮತ್ತೆ ಬೆಳೆಯುತ್ತೆ ಅಂತಲೂ ನಂಬಿಸಿದ್ದರಂತೆ. ಅವರ ಪಕ್ಕ ಕೂತು ‘ಮನಸ್ಸಿದೆಯಾ’ ಅಂತ ಕೇಳುವವರು ಒಬ್ಬರಿದ್ದಿದ್ದರೆ ಅನ್ನಿಸಿ ಹೊಟ್ಟೆ ಉರಿಯಿತು. ಕಿಡ್ನಿ ವ್ಯಾಪಾರಕ್ಕೆ ನಮ್ಮ ಕಾನೂನಿನಲ್ಲಿ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ ಇದೆ. ಹತ್ತಿರದ ಸಂಬಂಧಿ ಅಲ್ಲದಿದ್ದರೆ ಭಾರತೀಯರ ಕಿಡ್ನಿಯನ್ನು ವಿದೇಶಿಯರಿಗೆ ಹಾಕುವಂತಿಲ್ಲ. ಸುಳ್ಳು ಸಂಬಂಧ ಹಿಡಿಯಲು ಆಲ್ಬಮ್ ತಿರುವಿದರೆ ತಿರುವಲಿ, ನನಗೆ ಬೇಸರವಿಲ್ಲ.

ಒಂದು ಕೊರತೆ ಹೇಳಲೇಬೇಕು. ನಾನು ಸಹಿ ಹಾಕಿದ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೋಆರ್ಡಿನೇಟರ್ ಹುಡುಗಿ ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದ್ದರಿಂದ ಅರ್ಥವಾಯಿತು. ಕನ್ನಡದ ಪ್ರತಿ ಇಡಿ ಎಂದು ಬರೆದುಕೊಟ್ಟು ಬಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.